ಬಸುರಿಯ ಸ್ಕ್ಯಾನಿಂಗ್: ಊರ ಹತ್ತಿರವೋ, ಕಲಬುರಗಿಯೋ?

ಸುರಪುರ, ಶಹಾಪುರ ಕಡೆಯ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹತ್ತಿರದ ಸರ್ಕಾರಿ ಆಸ್ಪತ್ರೆ ಸಾಕಾ, ಕಲಬುರಗಿಗೇ ಹೋಗಬೇಕಾ?

ತಿಂಗಳ ತಪಾಸಣೆಗೆ ಹತ್ತಿರದ್ದೇ ಒಳ್ಳೆಯದು. ಬಿಪಿ, ತೂಕ, ರಕ್ತ ನೋಡಿಸಲು ಬಸ್ಸಿನಲ್ಲಿ ಅಷ್ಟು ದೂರ ಕುಲುಕಾಡುತ್ತಾ ಹೋಗುವುದು ಸುಮ್ನೆ ದಣಿವು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ.

ಐದನೇ ತಿಂಗಳ ಸ್ಕ್ಯಾನ್ ಮಾತ್ರ ಬೇರೆ ಮಾತು. 18ರಿಂದ 20ನೇ ವಾರದ ಹೊತ್ತಿಗೆ ಮಗುವಿನ ಹೃದಯ, ಮೆದುಳು, ಬೆನ್ನುಮೂಳೆಯನ್ನು ಒಂದೊಂದಾಗಿ ನೋಡುತ್ತಾರೆ. ಇದಕ್ಕೆ ಮೆಷಿನ್ ಇದ್ದರೆ ಸಾಲದು, ನೋಡಲು ಬಲ್ಲ ಡಾಕ್ಟರ್ ಬೇಕು. ನನ್ನ ನಾದಿನಿಗೆ ಹತ್ತಿರದ ಒಂದು ಕಡೆ ಮೂರು ಸಲ "ಮುಂದಿನ ವಾರ ಬನ್ನಿ" ಎಂದರು. ತಾಯಿ ಕಾರ್ಡಿನ ಮೇಲೆ ತಾರೀಖು ಹೊಡೆದು ಹಾಕಿ, ಮತ್ತೆ ಬರೆದು, 23ನೇ ವಾರ ಬಂದೇಬಿಟ್ಟಿತು. ಆ ದಿನಗಳ ಸಂಕಟ ಇನ್ನೂ ಮರೆತಿಲ್ಲ. ಹಾಗಾಗಿ ಒಂದು ಸಲ ಮುಂದೂಡಿದರೆ ಕಾಯಬೇಡಿ, ಕಲಬುರಗಿಗೆ ಹೊರಡಿ. ಖಾಸಗಿಯಲ್ಲಿ ಖರ್ಚು ಜಾಸ್ತಿ, ಜೊತೆಗೆ ಬರುವವರ ಒಂದು ದಿನದ ಕೂಲಿಯೂ ಹೋಗುತ್ತದೆ. ಆದರೂ ಆ ಒಂದು ಸ್ಕ್ಯಾನಿಗೆ ಹೋಗಲೇಬೇಕು ಅನ್ನುತ್ತೇನೆ.

ಹೆರಿಗೆಗೆ? ಎಲ್ಲಾ ಸರಿಯಿದ್ದರೆ ಹತ್ತಿರದ ಆಸ್ಪತ್ರೆ, 108 ಬರುತ್ತದೆ. ಬಿಪಿ, ಅವಳಿ, ರಕ್ತಹೀನತೆ, ಹಿಂದೆ ಸಿಸೇರಿಯನ್ ಆಗಿದ್ದರೆ ಯಾದಗಿರಿ ಅಥವಾ ಕಲಬುರಗಿಯ ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ಎಂಟನೇ ತಿಂಗಳಲ್ಲೇ ಗೊತ್ತು ಮಾಡಿಕೊಳ್ಳಿ. ಸರ್ಕಾರಿಯಲ್ಲಿ ಸಿಸೇರಿಯನ್, ಔಷಧಿ, ರಕ್ತ ಎಲ್ಲಾ ಉಚಿತ. ಎಲ್ಲಿಗೇ ಹೋದರೂ ತಾಯಿ ಕಾರ್ಡು, ಹಳೆಯ ಸ್ಕ್ಯಾನ್ ರಿಪೋರ್ಟು ಒಂದೇ ಚೀಲದಲ್ಲಿರಲಿ.