ಜರ್ಮನಿಗೆ ಹೋಗಿ ‘ಹೊಸ’ ಕಾರು ತರುವವರೇ, ಕಾಗದದಲ್ಲಿ ‘ಬಿ’ ಅಕ್ಷರದ ಪಕ್ಕ ಏನಿದೆ ನೋಡಿ, ಆಮೇಲೆ ದುಡ್ಡು ಕಳಿಸಿ

ಇದನ್ನು ಬರೆಯೋದಾ ಬೇಡ್ವಾ ಅಂತ ಆರು ತಿಂಗಳು ಸುಮ್ಮನಿದ್ದೆ. ನಾಚಿಕೆ, ಬೇರೇನಿಲ್ಲ. ದಿನವಿಡೀ ಚಿಪ್ ಮಾಡುವ ಯಂತ್ರಗಳ ಲೆಕ್ಕ ನೋಡುವ ಮನುಷ್ಯ ನಾಲ್ಕು ಪುಟದ ಅಗ್ರಿಮೆಂಟ್ ಓದದೆ ಸಹಿ ಹಾಕಿದ ಅಂದರೆ ಯಾರಾದರೂ ನಗುತ್ತಾರೆ. ನಗಲಿ. ಕಳೆದ ವಾರ, ನಾನಿರುವ ನೆದರ್ಲೆಂಡ್ಸ್‌ನಲ್ಲೇ, ಆಮ್‌ಸ್ಟೆಲ್‌ವೇನ್‌ನಲ್ಲಿರುವ ತುಮಕೂರಿನ ಗೆಳೆಯರೊಬ್ಬರು ಫೋನ್ ಮಾಡಿದರು. “ಗಡಿ ದಾಟಿದರೆ ಒಬ್ಬ ಬ್ರೋಕರ್ ಇದ್ದಾನೆ ಕಣ್ರೀ, ಹೊಸ ಸ್ಪೋರ್ಟ್ಸ್ ಕಾರು ಬೇಗ ಕೊಡಿಸ್ತಾನಂತೆ, ಫ್ಯಾಕ್ಟರಿಗೇ ಹೋಗಿ ತಗೋಬಹುದಂತೆ” ಅಂದರು. ಹೆಸರು ಕೇಳಿದೆ. ಅವನೇ, ನನಗೆ ಕಾರು ಮಾರಿದವನೇ! ಆ ರಾತ್ರಿಯೇ ಬರೆಯಲು ಕೂತೆ.

ಕಾರು ಪೋರ್ಷೆ 718 ಕೇಮನ್ ಜಿಟಿಎಸ್ 4.0. ಕಾರು ಮಾಡಿದ ಕಂಪನಿ ಮೇಲೆ ನನ್ನ ದೂರಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಾರಿನ ಮೇಲಂತೂ ಇಲ್ಲವೇ ಇಲ್ಲ. ನಾಲ್ಕು ಲೀಟರ್, ಆರು ಸಿಲಿಂಡರ್, ಟರ್ಬೊ ಇಲ್ಲ, 400 ಕುದುರೆ ಶಕ್ತಿ, ಎಂಜಿನ್ ನಮ್ಮ ಬೆನ್ನಿಗೆ ಅಂಟಿಕೊಂಡೇ ಕೂತಿರುತ್ತದೆ. ಪೆಟ್ರೋಲ್ ಕೇಮನ್ ಇನ್ನು ಜಾಸ್ತಿ ದಿನ ಸಿಗೋದಿಲ್ಲ ಅಂತ ಆಗಲೇ ಎಲ್ಲರ ಬಾಯಲ್ಲೂ ಇತ್ತು. ಈಗ ಬಿಟ್ಟರೆ ಇನ್ನಿಲ್ಲ ಅನಿಸಿತು. ಹಾಸನದಲ್ಲಿ ಅಪ್ಪನ ಟಿವಿಎಸ್ 50ರ ಹಿಂದೆ ಕೂತು ಬೆಳೆದವನು ನಾನು. ನಲವತ್ತನಾಲ್ಕು ವರ್ಷಕ್ಕೆ, ಕಂಪನಿ ಕೊಟ್ಟಿದ್ದ ಶೇರು ಮಾರಿ, ಹೆಂಡತಿಯನ್ನು ಒಂದು ವರ್ಷ ಒಪ್ಪಿಸಿ, 2023ರ ನವೆಂಬರ್‌ನಲ್ಲಿ ಬುಕ್ ಮಾಡಿದೆ.

ನನ್ನ ಹಾಗೆ ಐಂಡ್‌ಹೋವನ್‌ನಲ್ಲಿ ಇರುವವರಿಗೆ ಗೊತ್ತು, ಈ ದೇಶದಲ್ಲಿ ಬಿಪಿಎಂ ಅಂತ ಒಂದು ತೆರಿಗೆ ಇದೆ, ಹೊಗೆ ಎಷ್ಟು ಉಗುಳುತ್ತೋ ಅಷ್ಟು ದುಡ್ಡು. ಕೇಮನ್‌ನಂಥ ಕಾರಿಗೆ ಹತ್ತಾರು ಸಾವಿರ ಯೂರೋ. ಅದು ಎಲ್ಲಿ ಕೊಂಡರೂ ತಪ್ಪೋದಿಲ್ಲ, ಅದರ ಬಗ್ಗೆ ನನ್ನ ಗೋಳಿಲ್ಲ. ಜರ್ಮನಿಯಲ್ಲಿ ಕೊಳ್ಳಲು ಹೋದದ್ದು ಎರಡು ಕಾರಣಕ್ಕೆ. ಒಂದು, ಇಲ್ಲಿ ಕಾಯುವ ಪಟ್ಟಿ ಉದ್ದ ಇತ್ತು, ಆ ಬ್ರೋಕರ್ ಹತ್ತಿರ ಆಗಲೇ ಒಂದು ಆರ್ಡರ್ ಇತ್ತು, ಬಣ್ಣ ಮತ್ತು ಸೀಟು ಮಾತ್ರ ನಾನು ಆರಿಸಬಹುದಿತ್ತು. ಎರಡು, ಫ್ಯಾಕ್ಟರಿ ಡೆಲಿವರಿ. ಸ್ಟಟ್‌ಗಾರ್ಟ್‌ನ ಜುಫನ್‌ಹೌಸನ್‌ಗೆ ಹೋಗಿ, ಫ್ಯಾಕ್ಟರಿ ನೋಡಿ, ಎದುರಿಗಿರುವ ಮ್ಯೂಸಿಯಂ ನೋಡಿ, ಕೀ ತಗೊಂಡು, ಆಟೋಬಾನ್ ಹೆದ್ದಾರಿ ಮೇಲೆ ಮನೆಗೆ ಬರುವುದು. ನಿಜ ಹೇಳಬೇಕೆಂದರೆ ಕಾರಿಗಿಂತ ಈ ಒಂದು ದಿನಕ್ಕಾಗಿ ನಾನು ದುಡ್ಡು ಕೊಟ್ಟದ್ದು.

ಮಾತೋ, ಬೆಣ್ಣೆ. ಆಗ ನಾನು ‘ಅವರು’ ಅಂತಿದ್ದೆ, ಈಗ ‘ಅವನು’ ಅಂತೀನಿ, ಕ್ಷಮಿಸಿ. ತೆರಿಗೆ ಸೇರಿಸದೆ ಬೆಲೆ 92,000 ಯೂರೋ. ಅದರ ಮೇಲೆ ಜರ್ಮನಿಯ ವ್ಯಾಟ್ 19%, ಅಂದರೆ 17,480. “ಇದು ಬರೀ ಡೆಪಾಸಿಟ್ ಇದ್ದ ಹಾಗೆ. ಹೊಸ ಕಾರಿನ ವ್ಯಾಟ್ ನಿಮ್ಮ ದೇಶದಲ್ಲಿ ಕಟ್ಟಬೇಕು. ಅಲ್ಲಿ ಕಟ್ಟಿದ ಕಾಗದ ಕಳಿಸಿ, ಇದನ್ನು ವಾಪಸ್ ಹಾಕ್ತೀವಿ” ಅಂದ. ಅದು ಸರಿಯೇ, ಯುರೋಪಿನಲ್ಲಿ ಹೊಸ ಕಾರಿಗೆ ಹಾಗೇ ನಡೆಯೋದು. ನಾನು ಫೋನ್ ಇಟ್ಟಮೇಲೆ ಒಂದು ಮೇಲ್ ಹಾಕಿ ಕೇಳಿದೆ, ಅವನು ಒಂದೇ ಸಾಲಿನಲ್ಲಿ “ಹೌದು, ವಾಪಸ್ ಕೊಡುತ್ತೇವೆ” ಅಂತ ಬರೆದ. ಆ ಒಂದು ಸಾಲು ಇಲ್ಲದಿದ್ದರೆ ಇವತ್ತು ನನ್ನ ಗತಿ ಬೇರೆಯೇ ಇರುತ್ತಿತ್ತು.

ಜೂನ್‌ನಲ್ಲಿ ಡೆಲಿವರಿ ಅಂದಿದ್ದ. ಜೂನ್‌ನಲ್ಲಿ ಕೇಳಿದರೆ “ಸ್ವಲ್ಪ ತಡ”. ಜುಲೈನಲ್ಲಿ ಕೇಳಿದರೆ “ಫ್ಯಾಕ್ಟರಿ ಡೆಲಿವರಿಗೆ ದಿನ ಸಿಗ್ತಿಲ್ಲ, ನಮ್ಮಲ್ಲಿಗೇ ಬನ್ನಿ, ನಾವೂ ಚೆನ್ನಾಗಿ ಕಾಫಿ ಮಾಡ್ತೀವಿ”. ನನ್ನ ಎದೆ ಅಲ್ಲೇ ಅರ್ಧ ಕುಸಿಯಿತು. ಆದರೂ ಜಗಳ ಆಡಲಿಲ್ಲ. ಆಗಸ್ಟ್ ಪೂರ್ತಿ ರಜೆ, ಮೇಲ್‌ಗೆ ಉತ್ತರವಿಲ್ಲ. ಸೆಪ್ಟೆಂಬರ್‌ನಲ್ಲಿ ಇದ್ದಕ್ಕಿದ್ದ ಹಾಗೆ ಅವಸರ. 21ನೇ ತಾರೀಕಿನೊಳಗೆ ಕಾರು ತಗೊಂಡು ಹೋಗದಿದ್ದರೆ ದಿನಕ್ಕೆ 25 ಯೂರೋ ಜಾಗದ ಬಾಡಿಗೆ! ಮೂರು ತಿಂಗಳು ನನ್ನನ್ನು ಕಾಯಿಸಿದವನು, ಮೂರು ದಿನ ನನಗಾಗಿ ಕಾಯಲಾರ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಪಿತೃಪಕ್ಷ ಕಣೋ, ಪಕ್ಷದಲ್ಲಿ ಯಾರಾದ್ರೂ ಹೊಸ ಗಾಡಿ ಮನೆಗೆ ತರ್ತಾರೇನೋ? ನವರಾತ್ರಿ ಬರಲಿ ಇರು” ಅಂದರು. ದಿನಕ್ಕೆ 25 ಯೂರೋ ಅಂತ ಹೇಳಿದೆ. “ನಿನ್ನಿಷ್ಟ” ಅಂದು ಫೋನ್ ಇಟ್ಟರು. ಆ ‘ನಿನ್ನಿಷ್ಟ’ ಏನು ಅಂತ ಮಕ್ಕಳಾದವರಿಗೆ ಗೊತ್ತು.

ಪೂರ್ತಿ ದುಡ್ಡು ಒಂದು ವಾರ ಮೊದಲೇ ಕಳಿಸಿಯಾಗಿತ್ತು. ಇದನ್ನು ಗಮನಿಸಿ. ಪೂರ್ತಿ ದುಡ್ಡು. ಕಾಗದದ ಒಂದು ಫೋಟೋ ಕೂಡ ನೋಡದೆ.

ಶನಿವಾರ ಬೆಳಿಗ್ಗೆ ಹೋದೆವು, ನಾನು ಮತ್ತು ನನ್ನ ಹೆಂಡತಿ. ಶೋರೂಮ್ ಅಂದಿದ್ದನಲ್ಲ, ಅದು ಟೈರ್ ಅಂಗಡಿ ಪಕ್ಕದ ಒಂದು ಗೋಡೌನ್. ಆದರೆ ಕಾರು ನೋಡಿದ ಕೂಡಲೇ ನನಗೆ ಎಲ್ಲ ಮರೆತುಹೋಯಿತು. ಕಡು ನೀಲಿ. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ಜೇಬಿನಲ್ಲಿ ಕುಂಕುಮದ ಪೊಟ್ಟಣ, ಟರ್ಕಿಯವರ ಅಂಗಡಿಯಿಂದ ತಂದ ನಾಲ್ಕು ನಿಂಬೆಹಣ್ಣು. ಪಕ್ಷವೋ ಗಿಕ್ಷವೋ, ದೃಷ್ಟಿಯಾದರೂ ಬೀಳದಿರಲಿ ಅಂತ. ನಾಲ್ಕು ಚಕ್ರದ ಕೆಳಗೂ ಇಟ್ಟೆ. ಅವನು ಪಕ್ಕದಲ್ಲಿ ನಿಂತು ನಗುತ್ತಾ ಫೋಟೋ ತೆಗೆದ. ಎಡಗೈಯಲ್ಲಿ ಸ್ಟಾರ್ಟ್ ಮಾಡಿದೆ, ಪೋರ್ಷೆಯಲ್ಲಿ ಅದು ಎಡಗಡೆಗೇ ಇರೋದು. ಗೋಡೌನ್ ತುಂಬ ಆ ಸದ್ದು! ಒಂದಡಿ ಮುಂದೆ ಬಿಟ್ಟೆ. ಮೂರು ಹಣ್ಣು ಒಡೆದವು. ಇಲ್ಲಿನ ನಿಂಬೆಹಣ್ಣಿನ ಸಿಪ್ಪೆ ದಪ್ಪ, ಹಿಂದಿನ ಬಲಗಡೆಯದು ಒಡೆಯದೆ ಪುಸಕ್ಕನೆ ಜಾರಿ ಟೂಲ್ ಬಾಕ್ಸ್ ಕೆಳಗೆ ಹೋಯಿತು. ಅದನ್ನು ಎತ್ತಲು ನಾನು ಮಂಡಿಯೂರಿದ್ದೆ. ಆಗ ಮೇಜಿನ ಹತ್ತಿರದಿಂದ ನನ್ನ ಹೆಂಡತಿ ಕರೆದಳು.

“ರೀ, ಸ್ವಲ್ಪ ಬನ್ನಿ ಇಲ್ಲಿ. ಇದರಲ್ಲಿ ಜೂನ್ ಅಂತಿದೆಯಲ್ಲಾ?”

ಯುರೋಪಿನ ಆರ್‌ಸಿ ಕಾಗದದಲ್ಲಿ ಪ್ರತಿಯೊಂದು ವಿವರಕ್ಕೂ ಒಂದೊಂದು ಅಕ್ಷರದ ಗುರುತು ಇರುತ್ತದೆ, ಎಲ್ಲ ದೇಶಕ್ಕೂ ಅವೇ ಅಕ್ಷರ. ‘ಬಿ’ ಅಂದರೆ ಕಾರು ಮೊದಲ ಸಲ ರಿಜಿಸ್ಟರ್ ಆದ ದಿನ. ಅಲ್ಲಿ 28.06.2024 ಅಂತ ಅಚ್ಚಾಗಿತ್ತು. ನಾವು ನಿಂತಿದ್ದದ್ದು ಸೆಪ್ಟೆಂಬರ್ 21. ಇನ್ನೊಂದು ಕಡೆ, ಹಿಂದಿನ ಮಾಲೀಕರು ಎಷ್ಟು ಜನ ಅನ್ನುವಲ್ಲಿ, 1.

ನನ್ನ ಕೈಯಲ್ಲಿ ಇನ್ನೂ ಆ ಒಡೆಯದ ನಿಂಬೆಹಣ್ಣು ಇತ್ತು.

“ಇದು ಜೂನ್‌ನಲ್ಲೇ ರಿಜಿಸ್ಟರ್ ಆಗಿದೆಯಲ್ಲ?” ಅಂತ ಕೇಳಿದೆ.

“ಹೌದು.”

ಅಷ್ಟೇ. ‘ಹೌದು’. ಮಳೆ ಬರ್ತಿದೆಯಾ ಅಂತ ಕೇಳಿದರೆ ಹೇಳುವ ಹಾಗೆ. ಯಾರ ಹೆಸರಿಗೆ ಅಂದೆ. “ನಮ್ಮ ಹೆಸರಿಗೆ. ಒಂದೇ ದಿನ. ಕಾಗದದಲ್ಲಿ ಮಾತ್ರ.” ನೀವು ಹೊಸ ಕಾರು ಅಂತ ಮಾರಿದ್ರಿ ಅಂದೆ. “ಹೊಸದೇ ಅಲ್ವಾ? ಮೀಟರ್ ನೋಡಿ, 38 ಕಿಲೋಮೀಟರ್.” ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಅಂದೆ. ಆಗ ಅವನು ಅಗ್ರಿಮೆಂಟ್ ತೆಗೆದು ಕೊನೆಯ ಪುಟದಲ್ಲಿ ಬೆರಳಿಟ್ಟ. ಜರ್ಮನ್‌ನಲ್ಲಿ ಒಂದು ಸಾಲು, ಇರುವೆ ಸಾಲಿನ ಹಾಗೆ: ಟಾಗೆಸ್‌ಟ್ಸುಲಾಸ್ಸುಂಗ್ ಆಗಬಹುದು. ಅಂದರೆ ಮಾರುವವನು ಒಂದು ದಿನದ ಮಟ್ಟಿಗೆ ತನ್ನ ಹೆಸರಿಗೆ ರಿಜಿಸ್ಟರ್ ಮಾಡಿಕೊಳ್ಳಬಹುದು ಅಂತ. ಜರ್ಮನಿಯಲ್ಲಿ ಇದು ಕದ್ದು ಮಾಡುವ ಕೆಲಸವೇನೂ ಅಲ್ಲ, ಎಷ್ಟೋ ಕಾರು ಹೀಗೆ ಮಾರುತ್ತಾರೆ. ಆದರೆ ಅಂಥ ಕಾರಿಗೆ ಬೆಲೆ ಇಳಿಸುತ್ತಾರೆ! ಜನ ಅದನ್ನು ಕೊಳ್ಳೋದೇ ಅದಕ್ಕೆ. ನಾನು ಒಂದು ಯೂರೋ ಕಡಿಮೆ ಇಲ್ಲದೆ ಪೂರ್ತಿ ಕೊಟ್ಟಿದ್ದೆ.

ಆಮೇಲೆ ಬಂತು ನೋಡಿ ಮುಖ್ಯವಾದ ಉತ್ತರ. ಯುರೋಪಿಯನ್ ಒಕ್ಕೂಟದಲ್ಲಿ ಕಾರುಗಳ ಸೈಬರ್ ಸುರಕ್ಷತೆ ನಿಯಮ 2024ರ ಜುಲೈ 7ರಿಂದ ಹೊಸದಾಗಿ ರಿಜಿಸ್ಟರ್ ಆಗುವ ಎಲ್ಲ ಕಾರಿಗೂ ಬಂತು. ಕೇಮನ್‌ನ ಒಳಗಿನ ಎಲೆಕ್ಟ್ರಾನಿಕ್ಸ್ ಹಳೆಯದು, ಅದಕ್ಕೆ ಹೊಂದೋದಿಲ್ಲ. ಹಾಗಾಗಿ ಇಲ್ಲಿ ಅದರ ಮಾರಾಟವೇ ನಿಂತಿತು. “ಜೂನ್‌ನಲ್ಲಿ ನಾವು ರಿಜಿಸ್ಟರ್ ಮಾಡದಿದ್ದರೆ ಈ ಕಾರೇ ನಿಮಗೆ ಸಿಗ್ತಿರಲಿಲ್ಲ. ನೀವು ನಮಗೆ ಥ್ಯಾಂಕ್ಸ್ ಹೇಳಬೇಕು” ಅಂದ.

ಕೋಪ ಬಂದದ್ದು ಇದಕ್ಕೇ. ಯಾಕೆಂದರೆ ಅವನು ಹೇಳಿದ್ದು ನಿಜ. ನಿಯಮ ನಿಜ, ತಾರೀಕು ನಿಜ. ಜೂನ್‌ನಲ್ಲೇ ಫೋನ್ ಮಾಡಿ “ಹೀಗಿದೆ ಸ್ವಾಮಿ, ನಮ್ಮ ಹೆಸರಿಗೆ ಮಾಡಿಸಬೇಕು, ಅದಕ್ಕೆ ಇಷ್ಟು ಕಡಿಮೆ ಮಾಡ್ತೀವಿ” ಅಂದಿದ್ದರೆ ನಾನು ನಿಜವಾಗಿಯೂ ಥ್ಯಾಂಕ್ಸ್ ಹೇಳುತ್ತಿದ್ದೆ. ಅಥವಾ ಜೂನ್‌ನಲ್ಲೇ ಕರೆದಿದ್ದರೆ ನಾನೇ ಓಡಿ ಬರುತ್ತಿದ್ದೆ. ಮೂರು ತಿಂಗಳು ಯಾಕೆ ಇಟ್ಟುಕೊಂಡೆ ಮಾರಾಯಾ? ಇದಕ್ಕೆ ಇವತ್ತಿಗೂ ಉತ್ತರವಿಲ್ಲ.

ಆವತ್ತು ಎದ್ದು ಬರಬೇಕಿತ್ತು. ಬರಲಿಲ್ಲ. ದುಡ್ಡು ಅವನ ಖಾತೆಯಲ್ಲಿತ್ತು, ಕೆಂಪು ಪಟ್ಟಿಯ ತಾತ್ಕಾಲಿಕ ನಂಬರ್ ಪ್ಲೇಟು ಹಾಕಿಯಾಗಿತ್ತು, ನಿಂಬೆಹಣ್ಣು ಒಡೆದಾಗಿತ್ತು. ಹೆಂಡತಿ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಸಹಿ ಹಾಕಿದೆ. ದಾರಿಯಲ್ಲಿ ಮಳೆ. ಹೊಸ ಎಂಜಿನ್, ಜೋರಾಗಿ ತಿರುಗಿಸೋ ಹಾಗೂ ಇಲ್ಲ. ವೇಗದ ಮಿತಿ ಇಲ್ಲದ ಆಟೋಬಾನ್ ಮೇಲೆ ನೂರಹತ್ತರಲ್ಲಿ, ಲಾರಿಗಳ ಹಿಂದೆ, ಇಬ್ಬರೂ ಮಾತಾಡದೆ ಬಂದೆವು.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಕಾರನ್ನು ಇಲ್ಲಿನ ಆರ್‌ಡಿಡಬ್ಲ್ಯೂನಲ್ಲಿ (ನಮ್ಮ ಆರ್‌ಟಿಓ ಇದ್ದ ಹಾಗೆ) ತೋರಿಸಿ, ತೆರಿಗೆ ಕಟ್ಟಲು ಹೋದೆ. ಯುರೋಪಿನ ವ್ಯಾಟ್ ನಿಯಮದಲ್ಲಿ ಕಾರು ‘ಹೊಸದು’ ಅನಿಸಿಕೊಳ್ಳಲು ಎರಡರಲ್ಲಿ ಒಂದು ಸಾಕು: ಮೊದಲ ಸಲ ರಸ್ತೆಗೆ ಬಂದು ಆರು ತಿಂಗಳು ದಾಟಿರಬಾರದು, ಅಥವಾ 6,000 ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು. ನನ್ನದು ಎರಡೂ. ಹಾಗಾಗಿ ಇಲ್ಲಿ 21%, ಅಂದರೆ 19,320 ಯೂರೋ ಕಟ್ಟಿದೆ. ಆ ರಸೀದಿ ಹಿಡಿದು ಜರ್ಮನಿಯ 17,480 ವಾಪಸ್ ಕೇಳಿದೆ.

ಅಕ್ಟೋಬರ್‌ನಲ್ಲಿ ಉತ್ತರ: “ಅಕೌಂಟ್ಸ್‌ನವರು ನೋಡುತ್ತಿದ್ದಾರೆ.” ನವೆಂಬರ್‌ನಲ್ಲಿ ಉತ್ತರ: “ನಿಮ್ಮ ಬಿಲ್‌ನಲ್ಲಿ ಬಳಸಿದ ಕಾರು ಅಂತಿದೆ. ಬಳಸಿದ ಕಾರಿನ ವ್ಯಾಟ್ ಜರ್ಮನಿಯಲ್ಲೇ ಉಳಿಯುತ್ತದೆ, ವಾಪಸ್ ಬರುವುದಿಲ್ಲ.”

ಬಿಲ್ ತೆಗೆದು ನೋಡಿದೆ. ಹೌದು, ಗೆಬ್ರೌಖ್ಟ್‌ವಾಗನ್. ಬಳಸಿದ ಕಾರು.

ಅಂದರೆ ಏನಾಯಿತು ನೋಡಿ. ವಾರಂಟಿ ಲೆಕ್ಕ ಜೂನ್ 28ರಿಂದ, ಮೂರು ತಿಂಗಳು ನಾನು ಮುಟ್ಟುವ ಮೊದಲೇ ಹೋಯಿತು, ಅಲ್ಲಿ ಅದು ಹಳೇ ಕಾರು. ತೆರಿಗೆಗೆ ಬಂದರೆ ಹೊಸ ಕಾರು. ಬೆಲೆಗೆ ಹೊಸದು, ಬಿಲ್‌ಗೆ ಹಳೆಯದು. ಎಲ್ಲಿ ದುಡ್ಡು ಕೊಡಬೇಕೋ ಅಲ್ಲಿ ಹೊಸದು, ಎಲ್ಲಿ ದುಡ್ಡು ಬರಬೇಕೋ ಅಲ್ಲಿ ಹಳೆಯದು! “38 ಕಿಲೋಮೀಟರ್, ಹೊಸದೇ ಅಂತ ಹೇಳಿದ್ದು ನೀವೇ ಅಲ್ವಾ?” ಅಂತ ಬರೆದೆ. “ಓಡಿದ ಲೆಕ್ಕದಲ್ಲಿ ಹೊಸದು, ಕಾಗದದ ಲೆಕ್ಕದಲ್ಲಿ ಬಳಸಿದ್ದು” ಅಂತ ಉತ್ತರ. ಈ ಸಾಲನ್ನು ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದೆ, ಹೆಂಡತಿ ಕಿತ್ತುಹಾಕಿದಳು.

ಡಿಸೆಂಬರ್‌ನಲ್ಲಿ ಮತ್ತೆ ರಜೆ. ಜನವರಿಯಲ್ಲಿ ಒಬ್ಬ ತೆರಿಗೆ ಸಲಹೆಗಾರರಿಗೆ 300 ಯೂರೋ ಕೊಟ್ಟು ಪತ್ರ ಬರೆಸಿದೆ. ಆರು ತಿಂಗಳು, 6,000 ಕಿಲೋಮೀಟರ್ ನಿಯಮ, ಅವನೇ ಬರೆದ ಆ ‘ವಾಪಸ್ ಕೊಡುತ್ತೇವೆ’ ಮೇಲ್, ಎಲ್ಲ ಸೇರಿಸಿ. ಹತ್ತೇ ದಿನದಲ್ಲಿ ದನಿ ಬದಲಾಯಿತು. ಫೆಬ್ರವರಿಯಲ್ಲಿ ದುಡ್ಡು ಬಂತು, 16,530. ಉಳಿದ 950 ಏನು ಅಂದರೆ “ಫೈಲ್ ನೋಡಿಕೊಂಡ ಖರ್ಚು”. ಯಾವ ಫೈಲ್? ಫೈಲ್ ನೋಡಿಕೊಂಡದ್ದು ನಾನು!

ಇನ್ನೊಂದು ಅವಮಾನ ಇದೆ. ಈ ದೇಶದಲ್ಲಿ ಪ್ಲೇಟಿನ ನಂಬರನ್ನು ಮೊಬೈಲ್‌ನಲ್ಲಿ ಹೊಡೆದರೆ ಕಾರಿನ ಜಾತಕ ಯಾರಿಗೆ ಬೇಕಾದರೂ ಕಾಣುತ್ತದೆ. ಆಫೀಸಿನ ಪಾರ್ಕಿಂಗ್‌ನಲ್ಲಿ ಸಹೋದ್ಯೋಗಿಯೊಬ್ಬ ಕಾರಿನ ಸುತ್ತ ಒಂದು ಸುತ್ತು ಬಂದು, ಮೊಬೈಲ್ ನೋಡಿ, “ಓಹ್, ಜರ್ಮನಿಯಿಂದ ಸೆಕೆಂಡ್ ಹ್ಯಾಂಡ್ ತಂದ್ಯಾ? ಒಳ್ಳೇ ರೇಟಿಗೆ ಸಿಕ್ಕಿರಬೇಕು” ಅಂದ. ಹೂಂ ಅಂದೆ. ಏನು ಹೇಳಲಿ.

ಅಮ್ಮನಿಗೆ ಮಾತ್ರ ಸಮಾಧಾನ ಹೇಳಿದೆ. “ಹೊಸದಲ್ಲಮ್ಮ ಅದು, ಪಕ್ಷದ ದೋಷ ತಟ್ಟಲ್ಲ ಬಿಡು” ಅಂದೆ. ಒಂದು ನಿಮಿಷ ಸುಮ್ಮನಿದ್ದು, “ಹಂಗಾದ್ರೆ ಅಷ್ಟು ದುಡ್ಡು ಯಾಕೆ ಕೊಟ್ಟೆ?” ಅಂದರು.

ತರಲು ಹೊರಟವರಿಗೆ ನಾನು ಹೇಳೋದು ಇಷ್ಟೇ. ಬಾಕಿ ದುಡ್ಡು ಕಳಿಸುವ ಮೊದಲು ರಿಜಿಸ್ಟ್ರೇಷನ್ ಕಾಗದದ ಎರಡೂ ಭಾಗದ ಫೋಟೋ ತರಿಸಿಕೊಳ್ಳಿ, ‘ಬಿ’ ನೋಡಿ, ಹಿಂದಿನ ಮಾಲೀಕರ ಸಂಖ್ಯೆ ನೋಡಿ. ಅಗ್ರಿಮೆಂಟ್‌ನಲ್ಲಿ ಟಾಗೆಸ್‌ಟ್ಸುಲಾಸ್ಸುಂಗ್ ಅನ್ನೋ ಪದ ಹುಡುಕಿ, ಇದ್ದರೆ ಬೆಲೆ ಇಳಿಸಿ ಅನ್ನಿ, ಇಲ್ಲ ಎದ್ದು ಬನ್ನಿ. ವ್ಯಾಟ್ ವಾಪಸ್ ಕೊಡುವ ಮಾತು ಅಗ್ರಿಮೆಂಟ್‌ನಲ್ಲೇ ಬರಲಿ. ಮತ್ತೆ ಯಾರಾದರೂ ಕಾಫಿ ಚೆನ್ನಾಗಿ ಮಾಡ್ತೀವಿ ಅಂದರೆ, ಫ್ಯಾಕ್ಟರಿ ಡೆಲಿವರಿ ಯಾಕಿಲ್ಲ ಅಂತ ಎರಡು ಸಲ ಕೇಳಿ. ಅಂದಹಾಗೆ ಕಾಫಿಯೂ ಚೆನ್ನಾಗಿರಲಿಲ್ಲ.

ಹೆಸರು ಹೇಳಿ ಅಂತ ಕೇಳುತ್ತೀರಿ, ಗೊತ್ತು. 950 ಯೂರೋ ಪತ್ರ ವ್ಯವಹಾರ ಇನ್ನೂ ನಡೆಯುತ್ತಿದೆ, ಹೆಸರು ಬರೆಯಬೇಡಿ ಅಂತ ಸಲಹೆಗಾರರು ಹೇಳಿದ್ದಾರೆ. ತುಮಕೂರಿನ ಗೆಳೆಯರು ಅಡ್ವಾನ್ಸ್ ಕಳಿಸಿರಲಿಲ್ಲ, ಅದೊಂದು ಪುಣ್ಯ.