ಎರಡು ಸ್ವಭಾವವೋ, ಒಂದೇ ಸ್ವಭಾವವೋ
ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಬಲಿಪೂಜೆಗೆ ನಿಲ್ಲುವ ಕ್ಯಾಥೊಲಿಕರಿಗೂ ಪೂರ್ವದೇಶದ ಪ್ರಾಚೀನ ಕ್ರೈಸ್ತ ಪಂಗಡವಾದ ಸುರಿಯಾನಿ ಆರ್ಥೊಡಾಕ್ಸ್ ಮನೆತನದವರಿಗೂ ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ. ಯೇಸುವಿನ ಸ್ವಭಾವ ಎರಡು ಎನ್ನುವ ದಾರಿಯೋ, ಒಂದೇ ಎನ್ನುವ ದಾರಿಯೋ, ಯಾವುದರಲ್ಲಿ ಅಧ್ಯಯನ ಮಾಡಲಿ ಎನ್ನುವವರು ಇದನ್ನು ಮೊದಲು ತಿಳಿದಿರಬೇಕು.

ಕ್ರಿ.ಶ. 451ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದ ಕ್ಯಾಲ್ಸೆಡನ್ ಸಭೆಯ ಪ್ರಕಾರ ವ್ಯಕ್ತಿ ಒಬ್ಬನೇ, ಸ್ವಭಾವ ಎರಡು. ಬೆರಕೆಯಿಲ್ಲ, ಮಾರ್ಪಾಡಿಲ್ಲ, ವಿಭಜನೆಯಿಲ್ಲ, ಅಗಲಿಕೆಯಿಲ್ಲ. ಕ್ಯಾಥೊಲಿಕರೂ ಹೆಚ್ಚಿನ ಪ್ರೊಟೆಸ್ಟಂಟರೂ ಇದೇ ಸಾಲಿನವರು. ಸ್ಪಷ್ಟತೆ ಬಯಸುವವರಿಗೆ ಇದು ಸರಿ. ಆದರೆ ಈ ನಾಲ್ಕು ‘ಇಲ್ಲ’ಗಳು ಬೇಲಿ ಹಾಕುತ್ತವೆಯೇ ಹೊರತು ‘ಹೇಗೆ’ ಎಂಬುದಕ್ಕೆ ಉತ್ತರಿಸುವುದಿಲ್ಲ.

ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಿರಿಲ್‌ನನ್ನು ಅನುಸರಿಸುವ ಕಾಪ್ಟಿಕ್ (ಈಜಿಪ್ಟಿನ), ಸುರಿಯಾನಿ ಆರ್ಥೊಡಾಕ್ಸರ ಪ್ರಕಾರ ದೇಹಧಾರಿಯಾದ ವಾಕ್ಯದ, ಅಂದರೆ ಯೇಸುವಿನ, ಸ್ವಭಾವ ಒಂದೇ. ಮನುಷ್ಯತ್ವ ದೈವತ್ವದಲ್ಲಿ ಕರಗಿಹೋಯಿತು ಎಂಬ ವಾದವನ್ನು ಅವರೂ ಒಪ್ಪುವುದಿಲ್ಲ, ಆ ಆರೋಪ ಅನ್ಯಾಯದ್ದು. ಶಿಲುಬೆಯಲ್ಲಿ ನೋವುಂಡವನು ಯಾರು ಎಂಬುದನ್ನು ಮನಸ್ಸಿಗೆ ನಾಟಿಸುವುದರಲ್ಲಿ ನನಗೆ ಈ ದಾರಿಯೇ ಮೇಲು. ಇಷ್ಟಾದರೂ 1973ರಲ್ಲಿ ಕ್ಯಾಥೊಲಿಕ್ ಪೋಪ್ ಆರನೇ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೇ ಶೆನೂಡ, ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎನ್ನುವ ಜಂಟಿ ಘೋಷಣೆಗೇ ಸಹಿ ಹಾಕಿದರು.