ಗೋವಾದಲ್ಲಿ ಕನ್ನಡ ಕೇಳಿ ಕರಗಬೇಡಿ, ನಾನು ಕರಗಿ 10,800 ಕಳ್ಕೊಂಡೆ

ಪುಣೆಯ ಕನ್ನಡದವರೇ, ಗೋವಾಕ್ಕೆ ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ. ಬರೆಯೋಕೆ ನನಗೇ ನಾಚಿಕೆ. ಮಂಡೈ ಮಾರ್ಕೆಟ್‌ನಲ್ಲಿ ಕಾಲು ಕೆಜಿ ಮೆಣಸಿನಕಾಯಿಗೂ ಚೌಕಾಸಿ ಮಾಡುವ ಮನುಷ್ಯ ನಾನು. ಅಂಥವನು ರಸೀದಿ ಇಲ್ಲ, ಏನಿಲ್ಲ, ಸ್ಕೂಬಾಗೆ, ಅಂದರೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದಕ್ಕೆ ಅಂತ, ಗುರುತಿಲ್ಲದವನ ಫೋನಿಗೆ ಒಂದೇ ಸಲ 8,800 ರೂಪಾಯಿ ಕಳಿಸಿದೆ. ಯಾಕೆ? ಅವನು ಕನ್ನಡ ಮಾತಾಡಿದ ಅಂತ. ಅಷ್ಟೇ.

ಜನವರಿಯಲ್ಲಿ ನಾಲ್ಕು ಜನ ಗೆಳೆಯರು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಕೊಲ್ಹಾಪುರ, ಆಜರಾ ದಾಟಿ ಅಂಬೋಲಿ ಘಾಟ್ ಇಳಿದು ಹೋಗಿದ್ದೆವು. ವ್ಯಾನ್ ಬಗ್ಗೆ ದೂರಿಲ್ಲ. ಬೆಳಿಗ್ಗೆ ಕಲಂಗುಟ್ ಹತ್ತಿರ ಪಾರ್ಕಿಂಗ್‌ನಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆವು, ವ್ಯಾನ್ ಒಳಗೇ. ಬೀಚ್ ಹತ್ತಿರ ಬಯಲಲ್ಲಿ ಅಡುಗೆ ಮಾಡಿದರೆ ಗೋವಾದಲ್ಲಿ ದಂಡ ಹಾಕುತ್ತಾರೆ, ಅಷ್ಟು ಬುದ್ಧಿ ಇತ್ತು ನಮಗೆ! ಬಾಗಿಲಿಗೆ ಒಬ್ಬ ಬಂದು ನಿಂತ.

"ಅಣ್ಣಾರ, ಕನ್ನಡದವ್ರೇನ್ರಿ? ಒಗ್ಗರಣಿ ವಾಸನಿ ಬಂತು, ನಮ್ಮೋರ ಅಂತ ಗೊತ್ತಾತು."

ಗದಗ ಕಡೆಯವನಂತೆ. ಅವಲಕ್ಕಿ ಕೊಟ್ಟೆವು, ತಿಂದ. ಎರಡನೇ ಸಲ ಕೇಳಿ ಹಾಕಿಸಿಕೊಂಡ. ಗ್ರ್ಯಾಂಡೆ ದ್ವೀಪದಲ್ಲಿ ಸ್ಕೂಬಾ, ಆಮೇಲೆ ಪ್ಯಾರಾಸೇಲಿಂಗ್, ಜೆಟ್ ಸ್ಕೀ, ಬನಾನಾ ರೈಡ್, ಊಟ, ವಿಡಿಯೋ, ಎಲ್ಲಾ ಸೇರಿ ತಲೆಗೆ 2,200. "ನೀರಾಗ ಅರ್ಧಾ ತಾಸು ಇರ್ತೀರಿ. ನಿಮ್ಗ ಸುಳ್ಳ ಹೇಳ್ತೀನೇನ್ರಿ ನಾ?" ಅಂದ. ಕಳಿಸಿಬಿಟ್ಟೆ.

ಮರುದಿನ ನೋಡಿದರೆ ಒಂದೇ ಬೋಟಿನಲ್ಲಿ ಹತ್ತಿರ ಹತ್ತಿರ ನಲವತ್ತು ಜನ. ದ್ವೀಪದ ಹತ್ತಿರ ನಿಲ್ಲಿಸಿ ಎರಡೂವರೆ ತಾಸು ಕಾಯಿಸಿದರು. ಅರ್ಧ ಬೋಟು ವಾಂತಿ ಮಾಡಿಕೊಂಡಿತು. ಮೊದಲ ಸಲ ನೀರಿಗಿಳಿಸುವಾಗ ಉಬ್ಬಸ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿ ಸರಿ ಇದೆಯಾ ಅಂತ ಫಾರಂ ತುಂಬಿಸಿ ಕೇಳಬೇಕು. ನಮ್ಮಲ್ಲಿ ಒಬ್ಬನಿಗೆ ಉಬ್ಬಸ ಇದೆ, ಜೇಬಿನಲ್ಲಿ ಇನ್‌ಹೇಲರ್ ಇತ್ತು. ಯಾರೂ ಕೇಳಲಿಲ್ಲ. ನಾವೇ ಹೆದರಿ ಅವನನ್ನು ಇಳಿಸಲಿಲ್ಲ. ಅವನ ದುಡ್ಡು ವಾಪಸ್ ಬರಲಿಲ್ಲ, ಬಿಡಿ.

ನನ್ನ ಸರದಿ ಬಂತು. ಬೆನ್ನಿಗೆ ಸಿಲಿಂಡರ್ ಕಟ್ಟಿ, "ಬಾಯಿಂದ ಉಸಿರಾಡು" ಅಂದು ತಳ್ಳಿದರು. ಹಿಂದಿನಿಂದ ಒಬ್ಬ ಸಿಲಿಂಡರ್ ಹಿಡಿದುಕೊಂಡಿದ್ದ. ಬೆಕ್ಕಿನ ಮರಿಯನ್ನು ಕತ್ತು ಹಿಡಿದು ಎತ್ತುತ್ತಾರಲ್ಲ, ಹಾಗೆ. ಕೆಳಗೆ ಒಂದು ಬಂಡೆ, ಮಬ್ಬು ನೀರು. ನನ್ನ ಕೈಗೆ ಪಾರ್ಲೆ-ಜಿ ಚೂರು ತುರುಕಿದ, ಸಣ್ಣ ಮೀನುಗಳು ಮುತ್ತಿಕೊಂಡವು. ಸತ್ಯ ಹೇಳುತ್ತೇನೆ, ಆ ಕ್ಷಣ ಖುಷಿಯಾಯಿತು. "ಚೆನ್ನಾಗಿದೆ" ಅಂತ ಹೆಬ್ಬೆರಳು ಎತ್ತಿ ತೋರಿಸಿದೆ.

ಸೀದಾ ಮೇಲೆ ತಂದುಬಿಟ್ಟ.

ನೀರೊಳಗೆ ಹೆಬ್ಬೆರಳು ಎತ್ತಿದರೆ "ಮೇಲಕ್ಕೆ ಹೋಗೋಣ" ಅಂತ ಅರ್ಥವಂತೆ! ಸರಿ ಇದ್ದೇನೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಹೇಳಿಕೊಟ್ಟಿದ್ದರೆ ತಾನೇ? ಒಟ್ಟು ನಾಲ್ಕು ನಿಮಿಷ. ನಾಲ್ಕೇ ನಿಮಿಷ. ಮತ್ತೆ ಇಳಿಸಿ ಅಂದರೆ "ನಂಬರ್ ಮುಗೀತು". ವಿಡಿಯೋಗೆ ಬೇರೆ ತಲೆಗೆ 500, ನಾಲ್ಕು ಜನಕ್ಕೂ, ನೀರಿಗೇ ಇಳಿಯದವನಿಗೂ. ದಡಕ್ಕೆ ಬಂದರೆ ಪ್ಯಾರಾಸೇಲಿಂಗ್ ನಿಮ್ಮ ಕೂಪನ್‌ನಲ್ಲಿ ಇಲ್ಲ ಅಂದರು.

ಗದಗದವನಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. "ಹಾಂ ಜೀ, ಬೋಲಿಯೇ."

ಜೀ! ನಿನ್ನೆ ನಮ್ಮ ಅವಲಕ್ಕಿ ತಿಂದವನು! ನಾನು ಕನ್ನಡದಲ್ಲಿ ಕೇಳುತ್ತಿದ್ದೇನೆ, ಅವನು ಹಿಂದಿ ಬಿಡುತ್ತಿಲ್ಲ. "ಬೋಟ್‌ವಾಲೇ ಸೇ ಬಾತ್ ಕರೋ, ಮೈ ತೋ ಸಿರ್ಫ್ ಬುಕಿಂಗ್ ಕರ್ತಾ ಹೂಂ." ಅರ್ಧ ತಾಸು ಅಂದಿದ್ದೆಯಲ್ಲೋ ಅಂದೆ. "ಆಪ್‌ನೇ ಖುದ್ ಥಂಬ್ಸ್ ಅಪ್ ದಿಯಾ ನಾ?" ಅಂದ. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಜಾಸ್ತಿ ಉರಿಯಿತು. ಈಗಲೂ ಉರಿಯುತ್ತಿದೆ.

ನೀವಾದರೂ ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಬೋಟು ಯಾರದು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ, ನೀರಿನ ಕೆಳಗೆ ಎಷ್ಟು ನಿಮಿಷ, ವಿಡಿಯೋ ಸೇರಿದೆಯಾ, ಎಲ್ಲಾ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಎದ್ದು ಬನ್ನಿ. ಅವಲಕ್ಕಿಯನ್ನಂತೂ ಕೊಡಲೇಬೇಡಿ.

ಹಾಂ, ವಿಡಿಯೋ ಕಥೆ ಬಿಟ್ಟೇಹೋಯ್ತು. ವಾಪಸ್ ಬರುವಾಗ ಅಂಬೋಲಿಯಲ್ಲಿ ವ್ಯಾನ್ ನಿಲ್ಲಿಸಿ ಪೆನ್ ಡ್ರೈವ್ ಹಾಕಿ ನೋಡಿದೆವು. ನನ್ನ ಹೆಸರಿನ ಫೈಲ್‌ನಲ್ಲಿ ಯಾರೋ ಗಡ್ಡದವನು ಮೀನಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಾನೆ. ನನಗೆ ಗಡ್ಡವೇ ಇಲ್ಲ. ಅದರ ಫೋಟೋ ತೆಗೆದು ಗದಗದವನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು, ಮತ್ತೆ ಕನ್ನಡದಲ್ಲಿ: "ನೀರಾಗ ಎಲ್ಲಾರೂ ಹಂಗ ಕಾಣ್ತಾರ್ರಿ ಅಣ್ಣಾರ."